ಎರಡು ವರ್ಷದ ಮಗು, ನಾಲ್ಕು ರಾತ್ರಿಯ ಹಡಗು: ಪದೇ ಪದೇ ಕೇಳುವ ಪ್ರಶ್ನೆಗಳು

ಮಗಳಿಗೆ 14 ತಿಂಗಳಿದ್ದಾಗ ಮುಂಬೈನಿಂದ ಎರಡು ರಾತ್ರಿ, 26 ತಿಂಗಳಿದ್ದಾಗ ಸಿಂಗಪುರದಿಂದ ನಾಲ್ಕು ರಾತ್ರಿ ಕ್ರೂಸ್ ಹೋಗಿಬಂದೆವು. ಎರಡನೇ ಸಲ ಅತ್ತೆ ಮಾವ ಕೂಡ ಜೊತೆಗಿದ್ದರು. ಆವತ್ತಿನಿಂದ ನನ್ನ ಫೋನು ಒಂದು ವಿಚಾರಣಾ ಕೌಂಟರ್ ಆಗಿಬಿಟ್ಟಿದೆ. ಚಿಕ್ಕಮ್ಮನ ಮಗಳು, ಆಫೀಸಿನ ಗೆಳತಿಯರು, ಅಪಾರ್ಟ್‌ಮೆಂಟಿನ ಜಾರುಬಂಡೆ ಹತ್ತಿರ ಸಿಗುವ ಅಮ್ಮಂದಿರು, ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಒಂದೇ. ಅವರು ಕೇಳಿದ ಮಾತಿನಲ್ಲೇ ಪ್ರಶ್ನೆಗಳನ್ನು ಬರೆದಿದ್ದೇನೆ. ಬೆಂಗಳೂರಿನಿಂದ ಹೊರಡುವವರು, ಒಂದರಿಂದ ಮೂರು ವರ್ಷದ ಮಗು ಇರುವವರು, ಇವರಿಗೆ ಇದು.

## ಹೋಗೋದಾ ಬೇಡ್ವಾ

ಇಷ್ಟು ಚಿಕ್ಕ ಮಗೂನ ಹಡಗಿಗೆ ಹತ್ತಿಸ್ಕೋತಾರಾ?

ಹತ್ತಿಸಿಕೊಳ್ಳುತ್ತಾರೆ. ದೊಡ್ಡ ಕ್ರೂಸ್ ಕಂಪನಿಗಳಲ್ಲಿ ಸಾಮಾನ್ಯವಾಗಿ ಮಗುವಿಗೆ ಆರು ತಿಂಗಳು ತುಂಬಿರಬೇಕು. ಮೂರು ದಿನ ಅಥವಾ ಅದಕ್ಕಿಂತ ಜಾಸ್ತಿ ಒಂದೇ ಸಮ ಸಮುದ್ರದಲ್ಲೇ ಇರುವಂಥ ದೂರದ ಯಾನಗಳಿಗೆ ಒಂದು ವರ್ಷ ಅನ್ನುತ್ತಾರೆ. ಕಾರಣ ಸರಳ. ನಡುಸಮುದ್ರದಲ್ಲಿ ಕೂಸಿಗೆ ಹುಷಾರು ತಪ್ಪಿದರೆ ದಡದ ಆಸ್ಪತ್ರೆ ದೂರ. ವಯಸ್ಸನ್ನು ಲೆಕ್ಕ ಹಾಕುವುದು ಹಡಗು ಹೊರಡುವ ದಿನಕ್ಕೆ, ಬುಕ್ ಮಾಡಿದ ದಿನಕ್ಕಲ್ಲ.

ಹಡಗು ಅಂದ್ರೆ ನಾಲ್ಕು ದಿನ ಒಂದೇ ಕಡೆ ಕೂರೋದಲ್ವಾ? ಮಗು ಹಟ ಮಾಡಲ್ವಾ?

ನನಗೂ ಇದೇ ಭಯ ಇತ್ತು. ಆಮೇಲೆ ಗೊತ್ತಾಗಿದ್ದು, ಕೂರುವುದು ನಾವು, ಓಡುವುದು ಅವರು. ಸಿಂಗಪುರದಿಂದ ಹೊರಡುವ ಗೆಂಟಿಂಗ್ ಡ್ರೀಮ್ ಹಡಗಿನ ಉದ್ದ 335 ಮೀಟರ್. ಅಂದರೆ ಈ ತುದಿಯಿಂದ ಆ ತುದಿಗೆ ಹೋಗಿ ವಾಪಸ್ ಬಂದರೆ ಮುಕ್ಕಾಲು ಕಿಲೋಮೀಟರಿಗೆ ಸ್ವಲ್ಪ ಕಮ್ಮಿ. ಇಂಥ ಹಡಗಿನ ರೂಮುಗಳ ಮುಂದಿನ ಓಣಿಯಲ್ಲಿ ಕಾರ್ಪೆಟ್ ಹಾಸಿರುತ್ತದೆ. ಬಿದ್ದರೂ ಮಂಡಿ ತರಚುವುದಿಲ್ಲ. ನನ್ನ ಮಗಳ ಪಾಲಿಗೆ ಇಡೀ ಪ್ರವಾಸದ ಮುಖ್ಯ ಆಕರ್ಷಣೆ ಗಾಜಿನ ಲಿಫ್ಟ್. ಎರಡನೆಯದು ಟವೆಲ್ ಮಡಚಿ ಮಾಡಿಟ್ಟ ಆನೆ. ಸಮುದ್ರಕ್ಕೆ ಮೂರನೇ ಸ್ಥಾನ.

ನೋಡಿ, ಈ ವಯಸ್ಸಿನ ಮಗುವಿನ ಜೊತೆ ಮಾಮೂಲಿ ಟೂರ್ ಯಾಕೆ ಕಷ್ಟ ಆಗುತ್ತದೆ? ದಿನಾ ಪ್ಯಾಕ್ ಮಾಡಬೇಕು, ಕಾರಿನಲ್ಲಿ ಕೂರಿಸಬೇಕು, ಊಟದ ಹೊತ್ತಿಗೆ ಹೋಟೆಲ್ ಹುಡುಕಬೇಕು, ನಿದ್ದೆ ಹೊತ್ತಿಗೆ ಯಾವುದೋ ಕೋಟೆ ಮುಂದೆ ನಿಂತಿರುತ್ತೇವೆ. ಹಡಗಿನಲ್ಲಿ ಹಾಸಿಗೆ ಯಾವಾಗಲೂ ಐದು ನಿಮಿಷದ ದೂರದಲ್ಲಿ ಇರುತ್ತದೆ. ದುಡ್ಡು ಕೊಡುವುದು ಅದಕ್ಕೆ. ಊರು ನೋಡುವುದು ಮುಖ್ಯ ಅನ್ನುವವರು ಇನ್ನೆರಡು ವರ್ಷ ಕಾಯುವುದು ವಾಸಿ.

ದೊಡ್ಡವಳಾದ ಮೇಲೆ ಅವಳಿಗೇನೂ ನೆನಪಿರಲ್ಲ. ವೇಸ್ಟ್ ಅಲ್ವಾ?

ಮೊದಲ ಹುಟ್ಟುಹಬ್ಬಕ್ಕೆ ಛತ್ರ ಬುಕ್ ಮಾಡುವಾಗ ಈ ಪ್ರಶ್ನೆ ಯಾರೂ ಕೇಳುವುದಿಲ್ಲ!

ಮುಂಬೈನಿಂದ ಹೋಗೋದು ಒಳ್ಳೇದಾ, ಸಿಂಗಪುರದಿಂದಾನಾ?

ಎರಡೂ ಬೇರೆ ಬೇರೆ ಅನುಭವ. ಮುಂಬೈನಿಂದ ಕಾರ್ಡೀಲಿಯಾ ಕಂಪನಿಯ ಎಂಪ್ರೆಸ್ ಹಡಗು 2021ರ ಸೆಪ್ಟೆಂಬರಿನಿಂದ ಗೋವಾ, ಲಕ್ಷದ್ವೀಪ, ಕೊಚ್ಚಿ ಕಡೆ ಓಡಾಡುತ್ತಿದೆ. 1990ರಲ್ಲಿ ಕಟ್ಟಿದ ಹಡಗು. ಉದ್ದ ಸುಮಾರು 210 ಮೀಟರ್. ಈಗಿನ ಲೆಕ್ಕದಲ್ಲಿ ಚಿಕ್ಕದು. ಇದರ ದೊಡ್ಡ ಅನುಕೂಲ ಅಂದರೆ ಗೋವಾ, ಲಕ್ಷದ್ವೀಪಕ್ಕೆ ಪಾಸ್‌ಪೋರ್ಟ್ ಬೇಡ. ಗುರುತಿನ ಚೀಟಿ ಸಾಕು. ಸಸ್ಯಾಹಾರಿ ಊಟ, ಜೈನ್ ಊಟ ಎರಡಕ್ಕೂ ಚಿಂತೆಯಿಲ್ಲ. ಹಡಗಿನ ವಾಸ ನಮಗೆ ಒಗ್ಗುತ್ತದಾ ಅಂತ ಪರೀಕ್ಷೆ ಮಾಡಲು ಎರಡು ರಾತ್ರಿಯ ಟ್ರಿಪ್ ಚೆನ್ನಾಗಿದೆ. ಆದರೆ ಎಲ್ಲಿಂದಲೇ ಹೊರಡಲಿ, ವಾರಾಂತ್ಯದ ಎರಡು ರಾತ್ರಿಯ ಹಡಗು ಅಂದರೆ ಗೆಳೆಯರ ಗುಂಪುಗಳು ಜಾಸ್ತಿ, ಡಿಜೆ ಜಾಸ್ತಿ. ವಾರದ ನಡುವೆ ಹೊರಡುವುದನ್ನು ನೋಡಿ.

ಸಿಂಗಪುರದ ಹಡಗುಗಳು ಹೊಸವು, ದೊಡ್ಡವು. ರಾಯಲ್ ಕೆರಿಬಿಯನ್ ಕಂಪನಿಯ ಹಡಗುಗಳು ಮರೀನಾ ಬೇ ಕ್ರೂಸ್ ಸೆಂಟರಿನಿಂದ ಹೊರಡುತ್ತವೆ. ಗೆಂಟಿಂಗ್ ಡ್ರೀಮ್ ಹಾರ್ಬರ್‌ಫ್ರಂಟ್ ಕಡೆಯಿಂದ ಹೊರಡುತ್ತದೆ. ಹಾಗಾಗಿ ಟ್ಯಾಕ್ಸಿಯವರಿಗೆ ಸುಮ್ನೆ 'ಕ್ರೂಸ್ ಟರ್ಮಿನಲ್' ಅನ್ನಬೇಡಿ, ಯಾವುದು ಅಂತ ಹೇಳಿ. ಬೆಂಗಳೂರಿನಿಂದ ವಿಮಾನ ನಾಲ್ಕೂವರೆ ಗಂಟೆ. ಖರ್ಚು ಜಾಸ್ತಿಯೇ. ಆದರೆ ಮೂರು ವರ್ಷದ ಒಳಗಿನ ಮಕ್ಕಳಿಗೆ ಜಾಗ, ಆಟ, ಊಟದ ಆಯ್ಕೆ ಮೂರೂ ಹೆಚ್ಚು. ಒಂದು ರಾತ್ರಿ ಮೊದಲೇ ಸಿಂಗಪುರ ತಲುಪಿ ಮಲಗಿಬಿಡಿ. ಹಡಗು ಹೊರಡುವ ದಿನವೇ ಇಳಿಯುವ ಸಾಹಸ ಬೇಡ. ವಿಮಾನ ತಡವಾದರೆ ಹಡಗು ಕಾಯುವುದಿಲ್ಲ.

ಯಾವ ತಿಂಗಳು ಹೋದ್ರೆ ಅಲೆ ಕಮ್ಮಿ?

ಅರಬ್ಬಿ ಸಮುದ್ರದಲ್ಲಿ ಜೂನ್‌ನಿಂದ ಸೆಪ್ಟೆಂಬರ್ ಮಳೆಗಾಲ, ಆಗ ಬೇಡವೇ ಬೇಡ. ಮುಂಬೈ ಕಡೆಗೆ ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು.

ಸಿಂಗಪುರದಿಂದ ಮಲೇಷ್ಯಾದ ಪೆನಾಂಗ್‌ಗೆ ದಾರಿ ಮಲಕ್ಕಾ ಜಲಸಂಧಿಯಲ್ಲಿ ಹೋಗುತ್ತದೆ. ಒಂದು ಕಡೆ ಮಲೇಷ್ಯಾ, ಇನ್ನೊಂದು ಕಡೆ ಸುಮಾತ್ರಾ ದ್ವೀಪ ಅಡ್ಡ ನಿಂತಿರುವುದರಿಂದ ನೀರು ಬಹಳ ಸಲ ಕೆರೆಯ ಹಾಗೆ ಇರುತ್ತದೆ. ನಮ್ಮ ಮಾವ ಎರಡನೇ ದಿನ ಬೆಳಗ್ಗೆ "ಹಡಗು ಹೊರಟಿತಾ?" ಅಂತ ಕೇಳಿದರು. ಥಾಯ್ಲೆಂಡಿನ ಫುಕೆಟ್ ಹತ್ತಿರ ಅಂಡಮಾನ್ ಸಮುದ್ರಕ್ಕೆ ಬಂದಾಗ ಕತೆ ಬೇರೆ. ಅಲ್ಲಿ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಅಲೆ ಜೋರು. ಸಿಂಗಪುರದಿಂದ ವಿಯೆಟ್ನಾಂ ಕಡೆ ಹೋಗುವುದಾದರೆ ಡಿಸೆಂಬರ್, ಜನವರಿಯಲ್ಲಿ ಈಶಾನ್ಯ ಮಾರುತದ ಕಾಟ. ಚಿಕ್ಕ ಮಗು ಇದ್ದರೆ ನಾನು ಆರಿಸುವುದು ಫೆಬ್ರವರಿ, ಮಾರ್ಚ್, ಮಲಕ್ಕಾ ದಾರಿ, ಮೂರು ಅಥವಾ ನಾಲ್ಕು ರಾತ್ರಿ. ಏಳು ರಾತ್ರಿ ಮೊದಲ ಸಲಕ್ಕೆ ಅತಿಯಾಯಿತು.

## ಟಿಕೆಟ್, ಕಾಗದ, ರೂಮು

ಎರಡು ವರ್ಷದೊಳಗಿನ ಮಗುಗೆ ಫ್ರೀ ಅಲ್ವಾ, ವಿಮಾನದ ಥರ?

ಅಲ್ಲ. ವಿಮಾನದಲ್ಲಿ ತೊಡೆ ಮೇಲೆ ಕೂರಿಸಿಕೊಳ್ಳಬಹುದು. ಹಡಗಿನಲ್ಲಿ ಪ್ರತಿ ತಲೆಯೂ ಲೈಫ್‌ಬೋಟಿನ ಒಂದು ಜಾಗ. ಆದ್ದರಿಂದ ಕೂಸಿನ ಹೆಸರಲ್ಲೂ ಬುಕಿಂಗ್ ಬೇಕು. ಮೂವರ ರೂಮಿನಲ್ಲಿ ಮೂವರು ದೊಡ್ಡವರು ಅಂತ ಬುಕ್ ಮಾಡಿ 'ಮಗು ಲೆಕ್ಕಕ್ಕಿಲ್ಲ' ಅಂದುಕೊಂಡರೆ ಟರ್ಮಿನಲ್‌ನಲ್ಲೇ ತಡೆಯುತ್ತಾರೆ. ಸಮಾಧಾನದ ವಿಷಯ ಅಂದರೆ ಒಂದೇ ರೂಮಿನ ಮೂರನೇ, ನಾಲ್ಕನೇ ಜನಕ್ಕೆ ದರ ಬಹಳ ಸಲ ಕಮ್ಮಿ ಇರುತ್ತದೆ. ಕೆಲವೊಮ್ಮೆ ಮಕ್ಕಳಿಗೆ ಬರೀ ಬಂದರಿನ ತೆರಿಗೆ ಮಾತ್ರ ಅನ್ನುವ ಆಫರ್ ಬರುತ್ತದೆ.

ಟಿಪ್ಸ್ ಲೆಕ್ಕ ಮರೆಯಬೇಡಿ. ರಾಯಲ್ ಕೆರಿಬಿಯನ್‌ನಲ್ಲಿ ಸಾಧಾರಣ ರೂಮಿಗೆ ತಲೆಗೆ ದಿನಕ್ಕೆ 18 ಡಾಲರ್ ಆಸುಪಾಸು ಬಿಲ್ಲಿಗೆ ಸೇರುತ್ತದೆ. ಕೆಲವು ಕಂಪನಿಗಳು ಎರಡು ವರ್ಷದೊಳಗಿನವರಿಗೆ ಬಿಡುತ್ತವೆ, ಕೆಲವು ಬಿಡುವುದಿಲ್ಲ. ಬುಕ್ ಮಾಡುವಾಗಲೇ ಕೇಳಿ.

ಪಾಸ್‌ಪೋರ್ಟ್, ವೀಸಾ ಏನೇನು ಬೇಕು ಅಕ್ಕ?

ಮಗುವಿಗೆ ಅದರದೇ ಪಾಸ್‌ಪೋರ್ಟ್, ಅದರದೇ ವೀಸಾ. ಮಕ್ಕಳ ಪಾಸ್‌ಪೋರ್ಟ್ ಐದು ವರ್ಷಕ್ಕೆ ಮಾತ್ರ. ಪ್ರವಾಸದ ದಿನಕ್ಕೆ ಇನ್ನೂ ಆರು ತಿಂಗಳು ಉಳಿದಿರಬೇಕು.

ಎಲ್ಲರೂ ಎಡವುವ ಜಾಗ ಸಿಂಗಪುರದ ವೀಸಾ. ಹಡಗು ಹತ್ತಿದ ಕೂಡಲೇ ನೀವು ಸಿಂಗಪುರದಿಂದ ಹೊರಗೆ ಹೋದ ಹಾಗೆ. ನಾಲ್ಕು ದಿನ ಬಿಟ್ಟು ಮತ್ತೆ ಒಳಗೆ ಬರುತ್ತೀರಿ. ಹಾಗಾಗಿ ಒಂದಕ್ಕಿಂತ ಹೆಚ್ಚು ಸಲ ಒಳಬರಲು ಆಗುವ ವೀಸಾ ಇದೆಯಾ ಅಂತ ಪ್ರತಿಯೊಬ್ಬರ ಹಾಳೆಯಲ್ಲೂ ಓದಿ ನೋಡಿ, ಮಗುವಿನದನ್ನೂ ಸೇರಿಸಿ. ಸಿಂಗಪುರಕ್ಕೆ ಬರುವವರು ಆನ್‌ಲೈನಿನಲ್ಲಿ ತುಂಬುವ ಎಸ್‌ಜಿ ಅರೈವಲ್ ಕಾರ್ಡ್ ಕೂಡ ಎರಡು ಸಲ ತುಂಬಬೇಕು. ವಿಮಾನದಲ್ಲಿ ಬರುವಾಗ ಒಮ್ಮೆ, ಹಡಗಿನಿಂದ ಇಳಿಯುವಾಗ ಇನ್ನೊಮ್ಮೆ. ಅದಕ್ಕೆ ದುಡ್ಡಿಲ್ಲ. ದುಡ್ಡು ಕೇಳುವ ವೆಬ್‌ಸೈಟ್ ಸಿಕ್ಕರೆ ಅದು ಸರ್ಕಾರದ್ದಲ್ಲ.

ಮಲೇಷ್ಯಾ, ಥಾಯ್ಲೆಂಡ್ ಎರಡೂ 2023ರ ಕೊನೆಯಲ್ಲಿ ಭಾರತೀಯರಿಗೆ ವೀಸಾ ವಿನಾಯಿತಿ ಕೊಟ್ಟವು. ಇಂಥ ವಿನಾಯಿತಿಗಳಿಗೆ ಗಡುವು ಇರುತ್ತದೆ, ಬದಲಾಗುತ್ತವೆ. ಬುಕ್ ಮಾಡುವ ವಾರ ಒಮ್ಮೆ, ಹೊರಡುವ ವಾರ ಒಮ್ಮೆ ನೋಡಿಕೊಳ್ಳಿ. ಹಡಗು ಆ ಬಂದರಿಗೆ ಹೋಗುವುದಾದರೆ ನೀವು ಇಳಿಯದಿದ್ದರೂ ಕಾಗದ ಕೇಳುತ್ತಾರೆ. ಅಪ್ಪ ಅಥವಾ ಅಮ್ಮ ಒಬ್ಬರೇ ಮಗುವಿನ ಜೊತೆ ಹೊರಟಿದ್ದರೆ ಇನ್ನೊಬ್ಬರ ಒಪ್ಪಿಗೆ ಪತ್ರ, ಮಗುವಿನ ಜನನ ಪ್ರಮಾಣಪತ್ರ ಜೊತೆಗಿರಲಿ.

ಬಾಲ್ಕನಿ ರೂಮ್ ತಗೊಳ್ಳಲಾ? ಭಯ ಆಗತ್ತೆ ಆದ್ರೆ ಆಸೆನೂ ಇದೆ.

ತೆಗೆದುಕೊಳ್ಳಿ ಅನ್ನುತ್ತೇನೆ, ಎರಡು ಷರತ್ತಿನ ಮೇಲೆ. ಮಗು ಮಧ್ಯಾಹ್ನ ಎರಡು ಗಂಟೆ ಮಲಗುತ್ತದೆ. ಬಾಲ್ಕನಿ ಇಲ್ಲದಿದ್ದರೆ ಆ ಎರಡು ಗಂಟೆ ನೀವು ಕತ್ತಲೆ ರೂಮಿನಲ್ಲಿ ಫೋನಿನ ಬೆಳಕು ತಗ್ಗಿಸಿಕೊಂಡು ಕೂರಬೇಕು. ಬಾಲ್ಕನಿ ಇದ್ದರೆ ಕಾಫಿ ಹಿಡಿದು ಸಮುದ್ರ ನೋಡಬಹುದು. ನಾನೂ ನಮ್ಮ ಮನೆಯವರೂ ನೆಮ್ಮದಿಯಾಗಿ ಮಾತಾಡಿದ್ದು ಆ ಹೊತ್ತಿನಲ್ಲೇ.

ಷರತ್ತು ಒಂದು: ಬಾಲ್ಕನಿಯ ಕುರ್ಚಿ, ಟೇಬಲ್ ಕಂಬಿಯ ಹತ್ತಿರ ಇರಬಾರದು. ಕಂಬಿ ದೊಡ್ಡವರ ಎದೆಮಟ್ಟದ ಹತ್ತಿರ ಬರುತ್ತದೆ, ಕೆಳಗೆ ಗಾಜು ಇರುತ್ತದೆ, ಮಗು ತಾನಾಗಿ ದಾಟಲು ಆಗುವುದಿಲ್ಲ. ಆದರೆ ಕುರ್ಚಿ ಹತ್ತಿದರೆ ಆಗುತ್ತದೆ. ನಾವು ಎರಡೂ ಕುರ್ಚಿಯನ್ನು ರೂಮಿನ ಒಳಗೆ ಇಟ್ಟು, ಕೂರುವಾಗ ಮಾತ್ರ ಹೊರಗೆ ತೆಗೆಯುತ್ತಿದ್ದೆವು. ಷರತ್ತು ಎರಡು: ಬಾಲ್ಕನಿ ಬಾಗಿಲಿನ ಮೇಲಿನ ಚಿಲಕ ಯಾವಾಗಲೂ ಹಾಕಿರಬೇಕು. ಅದು ಮಗುವಿನ ಕೈಗೆ ಎಟುಕುವುದಿಲ್ಲ. ಚಿಲಕ ಸಡಿಲ ಇದ್ದರೆ ಮೊದಲ ದಿನವೇ ಹೇಳಿ ಸರಿ ಮಾಡಿಸಿಕೊಳ್ಳಿ.

ಬಜೆಟ್ ಕಮ್ಮಿ ಇದ್ದರೆ ಕಿಟಕಿ ಇಲ್ಲದ ಒಳಗಿನ ರೂಮು ಕೂಡ ಕೆಟ್ಟದ್ದಲ್ಲ. ಹಗಲಲ್ಲೂ ಕಗ್ಗತ್ತಲು, ಮಗು ಗಡದ್ದಾಗಿ ಮಲಗುತ್ತದೆ. ಯಾವ ರೂಮೇ ಆಗಲಿ, ಮೇಲೆ ಕೆಳಗೆ ಏನಿದೆ ಅಂತ ಡೆಕ್ ನಕ್ಷೆ ನೋಡಿ (ಡೆಕ್ ಅಂದರೆ ಹಡಗಿನ ಮಹಡಿ). ಮೇಲೂ ಕೆಳಗೂ ರೂಮುಗಳೇ ಇರಬೇಕು. ಥಿಯೇಟರ್ ಮೇಲಿನ ರೂಮು, ಬಫೆ ಕೆಳಗಿನ ರೂಮು ಬೇಡ. ಬೆಳಗಿನ ಜಾವ ಐದಕ್ಕೆ ಕುರ್ಚಿ ಎಳೆಯುವ ಸದ್ದು ಶುರುವಾಗುತ್ತದೆ.

ತೊಟ್ಟಿಲು ಕೊಡ್ತಾರಾ, ಇಲ್ಲಾ ಪಕ್ಕದಲ್ಲೇ ಮಲಗಿಸ್ಕೋಬೇಕಾ?

ಮಡಚುವ ಚಿಕ್ಕ ಮಂಚ ಕೊಡುತ್ತಾರೆ, ಮೊದಲೇ ಕೇಳಿದ್ದರೆ. ಒಂದು ಸಲ ನಾವು ಕೇಳಿ, ಖಚಿತ ಮಾಡಿಕೊಂಡು ಹೋದರೂ ರಾತ್ರಿ ಒಂಬತ್ತಾದರೂ ಬರಲಿಲ್ಲ, ಆಮೇಲೆ 'ಖಾಲಿಯಾಗಿದೆ' ಅಂದರು. ಆದ್ದರಿಂದ ಹತ್ತಿದ ಕೂಡಲೇ, ಊಟಕ್ಕೂ ಮೊದಲು, ರೂಮು ನೋಡಿಕೊಳ್ಳುವ ಸ್ಟೂವರ್ಡ್‌ಗೆ ನೆನಪಿಸಿ. ಅದನ್ನು ಬಿಡಿಸಿದರೆ ನಡೆಯಲು ಜಾಗ ಇರುವುದಿಲ್ಲ, ಅದು ಬೇರೆ ಮಾತು.

ನಮ್ಮ ಮನೆಗಳಲ್ಲಿ ಮಗು ನಡುವೆ ಮಲಗುವುದೇ ಜಾಸ್ತಿ ಅಲ್ವಾ. ಹಡಗಿನ ದೊಡ್ಡ ಹಾಸಿಗೆ ಅಂದರೆ ಎರಡು ಚಿಕ್ಕ ಹಾಸಿಗೆ ಜೋಡಿಸಿದ್ದು. ನಡುವೆ ಸಂದಿ ಬರುತ್ತದೆ. ಮೇಲೆ ಒಂದು ದಪ್ಪ ರಜಾಯಿ ಹಾಸಿಕೊಡಲು ಹೇಳಿ. ಎಷ್ಟೋ ರೂಮುಗಳಲ್ಲಿ ಹಾಸಿಗೆಯನ್ನು ಗೋಡೆಗೆ ಒತ್ತಿ ಸರಿಸಿಕೊಡುತ್ತಾರೆ, ಆದರೆ ಗೋಡೆಗೂ ಹಾಸಿಗೆಗೂ ನಡುವೆ ಮಗು ಸಿಕ್ಕಿಕೊಳ್ಳುವಷ್ಟು ಜಾಗ ಉಳಿಯಬಾರದು. ಒಂದು ವರ್ಷದೊಳಗಿನ ಕೂಸಾದರೆ ಬೇರೆ ಮಂಚವೇ ಸುರಕ್ಷಿತ.

## ಬ್ಯಾಗು

ಏನೇನು ತುಂಬ್ಕೊಂಡು ಹೋಗ್ಲಿ?

ಮೊದಲು ಕೈಚೀಲದ ವಿಷಯ. ದೊಡ್ಡ ಸೂಟ್‌ಕೇಸನ್ನು ಟರ್ಮಿನಲ್‌ನಲ್ಲೇ ತೆಗೆದುಕೊಳ್ಳುತ್ತಾರೆ. ರೂಮಿನ ಬಾಗಿಲಿಗೆ ಅದು ಬರುವಾಗ ಸಂಜೆ ಆಗಬಹುದು. ಅಷ್ಟು ಹೊತ್ತಿಗೆ ಬೇಕಾಗುವ ಡೈಪರ್, ಒಂದು ಜೊತೆ ಬಟ್ಟೆ, ಹಾಲಿನ ಬಾಟಲ್, ಔಷಧಿ, ಮಗು ತಬ್ಬಿಕೊಂಡು ಮಲಗುವ ಗೊಂಬೆ ಅಥವಾ ಹಳೇ ಸೀರೆಯ ತುಂಡು, ಇವು ಕೈಯಲ್ಲೇ ಇರಲಿ.

ಡೈಪರ್ ದಿನಕ್ಕೆ ಆರರ ಲೆಕ್ಕ ಹಿಡಿದು, ಮೇಲೆ ಹತ್ತು ಜಾಸ್ತಿ. ಹಡಗಿನ ಅಂಗಡಿಯಲ್ಲಿ ಸುಗಂಧ, ವಾಚು, ಚಾಕೊಲೇಟ್ ಸಿಗುತ್ತದೆ. ನಿಮ್ಮ ಅಳತೆಯ ಡೈಪರ್ ಸಿಗುವ ಭರವಸೆ ಇಲ್ಲ. ಬಟ್ಟೆ ಒಗೆಯಲು ಕೊಟ್ಟರೆ ಒಂದೊಂದಕ್ಕೂ ದುಡ್ಡು. ಅಗ್ಗದ ಬಟ್ಟೆ ಜಾಸ್ತಿ ತುಂಬಿಕೊಳ್ಳಿ.

ಇನ್ನು ಯಾವ ಪಟ್ಟಿಯಲ್ಲೂ ಇರದ ಒಂದು ವಸ್ತು: ಪ್ಲಾಸ್ಟಿಕ್ ಮಗ್. ರೂಮಿನ ಬಚ್ಚಲಲ್ಲಿ ಜೆಟ್ ಇರುವುದಿಲ್ಲ, ಬಕೆಟ್ಟೂ ಇರುವುದಿಲ್ಲ, ಬರೀ ಷವರ್. ಷವರ್ ಕಂಡರೆ ಕಿರುಚುವ ಮಕ್ಕಳು ಬಹಳ. ಮಗ್ ಇದ್ದರೆ ಎರಡು ಸಮಸ್ಯೆಯೂ ಮುಗಿಯಿತು. ಕಕ್ಕಸಿನ ಫ್ಲಷ್ ಗಾಳಿ ಎಳೆಯುವ ಥರದ್ದು, ಸಿಡಿಲಿನ ಸದ್ದು ಮಾಡುತ್ತದೆ. ಮುಚ್ಚಳ ಹಾಕಿ, ಮಗುವನ್ನು ಹೊರಗೆ ಕಳಿಸಿ ಆಮೇಲೆ ಒತ್ತಿ. ಡೈಪರ್ ಬಿಡಿಸುವ ಅಭ್ಯಾಸ ಪ್ರವಾಸದ ಹಿಂದಿನ ತಿಂಗಳು ಶುರು ಮಾಡಬೇಡಿ. ಆ ಒಂದು ಸದ್ದಿಗೆ ಎಲ್ಲಾ ನೀರುಪಾಲು.

ರೈಸ್ ಕುಕ್ಕರ್ ಇಟ್ಕೊಂಡ್ ಹೋಗ್ಬಹುದಾ? ಗಂಜಿ ಮಾಡಿ ಕೊಡೋಕೆ.

ಬೇಡ. ಕುಕ್ಕರ್, ಕೆಟಲ್, ಇಸ್ತ್ರಿಪೆಟ್ಟಿಗೆ, ಬಿಸಿಯಾಗುವ ಯಾವುದನ್ನೂ ಒಳಗೆ ಬಿಡುವುದಿಲ್ಲ. ಹಡಗಿನಲ್ಲಿ ಎಲ್ಲಕ್ಕಿಂತ ದೊಡ್ಡ ಭಯ ಬೆಂಕಿ. ಸ್ಕ್ಯಾನ್ ಮಾಡುವಾಗ ತೆಗೆದಿಟ್ಟು ಕೊನೇ ದಿನ ವಾಪಸ್ ಕೊಡುತ್ತಾರೆ. ಮನೆಯಲ್ಲಿ ಮಾಡಿದ ಅಡುಗೆಯನ್ನೂ ಸಾಮಾನ್ಯವಾಗಿ ಬಿಡುವುದಿಲ್ಲ. ಸೀಲ್ ಇರುವ ಪ್ಯಾಕೆಟ್ಟಿನ ಮಗುವಿನ ಆಹಾರ, ಹಾಲಿನ ಪುಡಿ ಪರವಾಗಿಲ್ಲ. ರಾಗಿ ಸರಿ ಬೇಕಾದರೆ ಡಬ್ಬಿಯಲ್ಲಿ ಅಜ್ಜಿ ಮಾಡಿದ ಹಿಟ್ಟಿಗಿಂತ ಅಂಗಡಿಯ ಸೀಲ್ ಮಾಡಿದ ಪ್ಯಾಕೆಟ್ ಇಟ್ಟುಕೊಳ್ಳಿ. ಬೇಯಿಸದೆ ಬಿಸಿನೀರಿಗೆ ಕಲಸುವಂಥದ್ದು. ಫ್ಲಾಸ್ಕ್ ಒಯ್ದರೆ ಬಫೆಯಲ್ಲಿ ಯಾವಾಗ ಬೇಕಾದರೂ ಬಿಸಿನೀರು ತುಂಬಿಕೊಡುತ್ತಾರೆ.

ಸ್ಟ್ರಾಲರ್ ಬೇಕಾ?

ಬೇಕು, ಆದರೆ ಛತ್ರಿಯ ಹಾಗೆ ಮಡಚುವ ಚಿಕ್ಕದು. ರೂಮಿನ ಬಾಗಿಲು ಕಿರಿದು, ದೊಡ್ಡದು ನುಗ್ಗುವುದಿಲ್ಲ. ಹೊರಗೆ ಓಣಿಯಲ್ಲಿ ಬಿಡಲು ಆಗುವುದಿಲ್ಲ, ಅದು ತುರ್ತು ದಾರಿ.

## ಹಡಗಿನ ಮೇಲೆ

ನಿದ್ದೆ ಟೈಮ್ ಎಲ್ಲಾ ಹಾಳಾಗತ್ತಲ್ವಾ?

ಸಿಂಗಪುರ ನಮಗಿಂತ ಎರಡೂವರೆ ಗಂಟೆ ಮುಂದೆ. ಎಲ್ಲರೂ ಇದನ್ನು ಸರಿ ಮಾಡಲು ಒದ್ದಾಡುತ್ತಾರೆ. ಸರಿ ಮಾಡಲೇಬೇಡಿ. ಮನೆಯಲ್ಲಿ ಒಂಬತ್ತಕ್ಕೆ ಮಲಗುವ ಮಗು ಹಡಗಿನಲ್ಲಿ ಹನ್ನೊಂದೂವರೆಗೆ ಮಲಗುತ್ತದೆ, ಬೆಳಗ್ಗೆ ಒಂಬತ್ತೂವರೆಗೆ ಏಳುತ್ತದೆ. ರಾತ್ರಿಯ ಊಟ, ಎಂಟು ಗಂಟೆಯ ಶೋ, ಡೆಕ್ ಮೇಲಿನ ತಂಗಾಳಿ ಎಲ್ಲಾ ನಿಮಗೆ ಸಿಗುತ್ತದೆ. ಒಂದೇ ತೊಂದರೆ, ಬೆಳಗಿನ ಬಫೆ ಮುಚ್ಚುವ ಹೊತ್ತು. ನಮ್ಮಲ್ಲಿ ಒಬ್ಬರು ಮೊದಲೇ ಹೋಗಿ ತಿಂದು, ಮಗಳಿಗೆ ಒಂದು ತಟ್ಟೆಯಲ್ಲಿ ಬಾಳೆಹಣ್ಣು, ಬ್ರೆಡ್ಡು, ಸಿಕ್ಕ ದಿನ ಇಡ್ಲಿ ತಂದಿಡುತ್ತಿದ್ದೆವು.

ಊಟಕ್ಕೆ ಏನ್ ಮಾಡ್ತೀರಾ? ನಮ್ಮವನು ಮೊಸರನ್ನ ಬಿಟ್ರೆ ಏನೂ ಮುಟ್ಟಲ್ಲ.

ಹಾಗಾದರೆ ಕೆಲಸ ಇನ್ನೂ ಸುಲಭ. ಬಿಳಿ ಅನ್ನ, ಮೊಸರು, ಹಾಲು, ಹಣ್ಣು ಬಫೆಯಲ್ಲಿ ದಿನಾ ಇರುತ್ತದೆ. ಮೊಸರು ಸಿಹಿ ಇಲ್ಲದ್ದು ಅಂತ ನೋಡಿಕೊಳ್ಳಿ. ಸಿಂಗಪುರದಿಂದ ಹೊರಡುವ ಹಡಗುಗಳಲ್ಲಿ ಭಾರತೀಯರು ಬಹಳ ಇರುವುದರಿಂದ ಬೇಳೆ, ಪಲ್ಯ, ಚಪಾತಿಗೂ ಕೊರತೆ ಇಲ್ಲ. ಅಡುಗೆಮನೆಯಲ್ಲಿ ನಮ್ಮವರು ಇದ್ದೇ ಇರುತ್ತಾರೆ. ಖಾರ ಹಾಕದ ಬೇಳೆ ಬೇಕು ಅಂತ ಹಿಂದಿನ ರಾತ್ರಿ ಹೇಳಿದರೆ ಮಾರನೇ ದಿನ ತೆಗೆದಿಡುತ್ತಾರೆ. ನಮಗೆ ಬಡಿಸುತ್ತಿದ್ದ ಮಂಗಳೂರಿನ ಹುಡುಗನೊಬ್ಬ ಮೂರನೇ ದಿನದಿಂದ ಕೇಳದೆಯೇ ಪುಟ್ಟ ಬಟ್ಟಲಲ್ಲಿ ತುಪ್ಪ ತಂದಿಡುತ್ತಿದ್ದ. ಮನೆಯಲ್ಲಿ ಅವನಿಗೂ ಒಂದೂವರೆ ವರ್ಷದ ಮಗಳಂತೆ.

ಕೂತು ತಿನ್ನುವ ದೊಡ್ಡ ಊಟದ ಹಾಲ್ ಒಂದು ರಾತ್ರಿ ಮಾತ್ರ ಸಾಕು. ಒಂದೊಂದೇ ಐಟಂ ಬರುವಷ್ಟರಲ್ಲಿ ಮಗು ಟೇಬಲ್ ಕೆಳಗಿರುತ್ತದೆ.

ಪೂಲ್‌ಗೆ ಇಳಿಸ್ಬಹುದಲ್ವಾ? ಸ್ವಿಮ್ ಡೈಪರ್ ಇದೆ.

ಇಲ್ಲ. ಜನ ಹಡಗು ಹತ್ತಿದ ಮೇಲೆ ಗೊತ್ತಾಗಿ ಬೇಜಾರಾಗುವುದು ಇದಕ್ಕೇ. ಡೈಪರ್ ಇನ್ನೂ ಬಿಡದ ಮಗುವನ್ನು ಪೂಲಿಗೆ ಬಿಡುವುದಿಲ್ಲ, ಸ್ವಿಮ್ ಡೈಪರ್ ಹಾಕಿದ್ದರೂ ಸರಿ. ಅಮೆರಿಕದ ಬಂದರುಗಳಿಗೆ ಹೋಗುವ ಹಡಗುಗಳಿಗೆ ಅಲ್ಲಿನ ಆರೋಗ್ಯ ಇಲಾಖೆಯ ನಿಯಮವೇ ಹೀಗಿದೆ. ದೊಡ್ಡ ಕಂಪನಿಗಳು ಎಲ್ಲಾ ಕಡೆ ಅದನ್ನೇ ಪಾಲಿಸುತ್ತವೆ. ಸ್ವಿಮ್ ಡೈಪರ್ ಗಟ್ಟಿಯಾದದ್ದನ್ನು ತಡೆಯುತ್ತದೆ, ರೋಗಾಣುವನ್ನಲ್ಲ. ಕೆಲವು ಹಡಗುಗಳಲ್ಲಿ ಪುಟ್ಟ ಮಕ್ಕಳಿಗೆಂದೇ ನೀರು ಚಿಮ್ಮುವ ಬೇರೆ ಜಾಗ ಇರುತ್ತದೆ. ಬುಕ್ ಮಾಡುವ ಮೊದಲೇ ಇದೆಯಾ ಅಂತ ಕೇಳಿ. ಇಲ್ಲದಿದ್ದರೆ ಗಾಳಿ ತುಂಬುವ ಟಬ್ ಒಂದನ್ನು ಒಯ್ಯಿರಿ. ಬಚ್ಚಲಲ್ಲಿ ಅದೇ ಸಮುದ್ರ.

ಮಗೂನ ಯಾರ ಹತ್ರಾನಾದ್ರೂ ಬಿಟ್ಟು ನಾವಿಬ್ರೂ ಒಂದು ಗಂಟೆ ಹೋಗೋಕಾಗತ್ತಾ?

ಮೂರು ವರ್ಷ ತುಂಬಿ, ಡೈಪರ್ ಬಿಟ್ಟ ಮಕ್ಕಳಿಗೆ ಬಹಳ ಕಡೆ ಮಕ್ಕಳ ಕ್ಲಬ್ ಪುಕ್ಕಟೆ. ಅದಕ್ಕಿಂತ ಚಿಕ್ಕವರಿಗೆ ಕೆಲವು ಹಡಗುಗಳಲ್ಲಿ ಮಾತ್ರ ನರ್ಸರಿ ಇದೆ. ರಾಯಲ್ ಕೆರಿಬಿಯನ್‌ನ ದೊಡ್ಡ ಹಡಗುಗಳಲ್ಲಿ ಆರು ತಿಂಗಳಿಂದ ಮೂರು ವರ್ಷದವರಿಗೆ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಬಿಡಬಹುದು. ಜಾಗ ಕಮ್ಮಿ, ಹತ್ತಿದ ದಿನವೇ ಸಮಯ ಕಾದಿರಿಸಿ. ಜೊತೆಗೇ ಕೂತು ಆಡಿಸಲು ಸುಮಾರು ಕಡೆ ಆಟದ ಕೋಣೆ ಇರುತ್ತದೆ, ಅದಕ್ಕೆ ದುಡ್ಡಿಲ್ಲ. ಅಜ್ಜಿ ತಾತ ಇದ್ದರೆ ಈ ಪ್ರಶ್ನೆಯೇ ಬರುವುದಿಲ್ಲ.

ಅಲೆಗೆ ವಾಂತಿ ಮಾಡ್ಕೊಂಡ್ರೆ? ಅವೊಮಿನ್ ಕೊಡ್ಲಾ?

ಎರಡು ವರ್ಷದೊಳಗಿನ ಮಗುವಿಗೆ ಅವೊಮಿನ್, ಫೆನರ್ಗನ್ ಕೊಡಲೇಬಾರದು. ಎರಡರಲ್ಲೂ ಇರುವುದು ಪ್ರೊಮೆಥಜಿನ್. ಅಷ್ಟು ಚಿಕ್ಕ ಮಕ್ಕಳಲ್ಲಿ ಅದು ಉಸಿರಾಟ ಕುಗ್ಗಿಸಬಹುದು. ಎರಡು ದಾಟಿದವರಿಗೂ ನಿಮ್ಮ ಮಕ್ಕಳ ಡಾಕ್ಟರನ್ನು ಕೇಳಿ, ತೂಕಕ್ಕೆ ತಕ್ಕ ಅಳತೆ ಬರೆಸಿಕೊಂಡೇ ಹೋಗಿ.

ಒಳ್ಳೆಯ ಸುದ್ದಿ ಏನೆಂದರೆ ಎರಡು ವರ್ಷದ ಒಳಗಿನವರಿಗೆ ಓಲಾಟದ ವಾಂತಿ ಬರುವುದು ಅಪರೂಪ. ಅದು ಆಮೇಲೆ ಶುರುವಾಗಿ ಶಾಲೆಗೆ ಹೋಗುವ ವಯಸ್ಸಿನಲ್ಲಿ ಜೋರಾಗುತ್ತದೆ. ನಮ್ಮಲ್ಲಿ ವಾಂತಿ ಮಾಡಿಕೊಂಡವಳು ನಾನೊಬ್ಬಳೇ. ಹಡಗಿನ ಉದ್ದದ ಮಧ್ಯಕ್ಕೆ, ಕೆಳಗಿನ ಡೆಕ್ಕಿನಲ್ಲಿ ರೂಮು ತೆಗೆದುಕೊಂಡರೆ ಓಲಾಟ ಕಮ್ಮಿ. ಉಯ್ಯಾಲೆಯ ಹಲಗೆ ಜಾಸ್ತಿ ಆಡುತ್ತದೆ, ಮೇಲಿನ ಕೊಂಡಿ ಕಮ್ಮಿ ಆಡುತ್ತದೆ. ಹಡಗಿನಲ್ಲಿ ಆ ಕೊಂಡಿ ಇರುವುದು ನಡುವಿನ ಕೆಳಗೆ ಅಂದುಕೊಳ್ಳಿ.

ಜ್ವರ, ಭೇದಿ ಏನಾದ್ರೂ ಬಂದ್ರೆ ಡಾಕ್ಟರ್ ಇರ್ತಾರಾ?

ಡಾಕ್ಟರ್, ನರ್ಸ್ ಇರುತ್ತಾರೆ. ಮಕ್ಕಳ ತಜ್ಞರು ಇರುತ್ತಾರೆ ಅಂದುಕೊಳ್ಳಬೇಡಿ. ತೋರಿಸಿದರೆ ಬಿಲ್ಲು ಡಾಲರಿನಲ್ಲಿ ಬರುತ್ತದೆ, ಇಲ್ಲಿನ ಕ್ಲಿನಿಕ್‌ನ ಹಾಗೆ ನಾನೂರು ಐನೂರು ಅಲ್ಲ. ಆದ್ದರಿಂದ ಪ್ರವಾಸದ ವಿಮೆ ಮಾಡಿಸಿ. ಅದು ಸಮುದ್ರಯಾನಕ್ಕೂ, ಹಡಗಿನಿಂದ ಆಸ್ಪತ್ರೆಗೆ ಸಾಗಿಸುವುದಕ್ಕೂ ಅನ್ವಯಿಸುತ್ತದಾ ಅಂತ ಓದಿ ನೋಡಿ. ನಿಮಗೆ ಗೊತ್ತಿರುವ ಬ್ರ್ಯಾಂಡಿನ ಪ್ಯಾರಾಸಿಟಮಾಲ್ ಸಿರಪ್ ಅದರ ಅಳತೆ ಲೋಟದ ಸಮೇತ, ಓಆರ್‌ಎಸ್, ಥರ್ಮಾಮೀಟರ್, ಡೈಪರ್ ಗಂದೆಗೆ ಹಚ್ಚುವ ಕ್ರೀಮ್ ಒಯ್ಯಿರಿ. ಓಆರ್‌ಎಸ್ ಪ್ಯಾಕೆಟ್ ಒಂದು ಲೀಟರಿನದಾ, 200 ಮಿಲಿಯದಾ ಅಂತ ನೋಡಿ ಕಲಸಿ. ಎರಡೂ ಥರ ಸಿಗುತ್ತದೆ, ತಪ್ಪು ಅಳತೆ ಒಳ್ಳೆಯದಲ್ಲ.

ಹಡಗುಗಳಲ್ಲಿ ಹರಡುವ ಹೊಟ್ಟೆ ಕಾಯಿಲೆ ನೊರೊವೈರಸ್. ಬಾಗಿಲಲ್ಲಿ ಹಾಕುವ ಸ್ಯಾನಿಟೈಸರಿಗೆ ಅದು ಅಷ್ಟಾಗಿ ಬಗ್ಗುವುದಿಲ್ಲ. ಸೋಪು, ನೀರು, 20 ಸೆಕೆಂಡ್ ಉಜ್ಜುವುದೇ ಮದ್ದು. ಕಂಬಿ, ಲಿಫ್ಟ್ ಬಟನ್ ಎಲ್ಲಾ ಮುಟ್ಟಿ ಬಾಯಿಗೆ ಕೈ ಹಾಕುವ ವಯಸ್ಸು ಇದು. ನಾನು ದಿನಕ್ಕೆ ಎಷ್ಟು ಸಲ ಕೈ ತೊಳೆಸಿದೆ ಅಂತ ಲೆಕ್ಕವೇ ಇಲ್ಲ.

ನಮ್ಮತ್ತೆಗೆ ಒಂದೇ ಭಯ, ಮಗು ನೀರಿಗೆ ಬಿದ್ದುಬಿಟ್ರೆ ಅಂತ.

ಭಯ ಇರುವುದು ಒಳ್ಳೆಯದೇ. ತೆರೆದ ಡೆಕ್ಕಿನ ಕಂಬಿಗಳ ಸಂದಿಯಲ್ಲಿ ಮಗು ತೂರುವಂತಿರುವುದಿಲ್ಲ. ಅಪಾಯ ಬರುವುದು ದೊಡ್ಡವರು ಎತ್ತಿ ತೋರಿಸುವಾಗ. 2019ರಲ್ಲಿ ಪೋರ್ಟೊ ರಿಕೊದ ಸ್ಯಾನ್ ವಾನ್ ಬಂದರಿನಲ್ಲಿ ನಿಂತಿದ್ದ ಹಡಗೊಂದರ ತೆರೆದ ಕಿಟಕಿಯಿಂದ 18 ತಿಂಗಳ ಮಗು ಬಿದ್ದು ತೀರಿಕೊಂಡಿತು. ಆಗ ಮನೆಯ ಹಿರಿಯರೇ ಎತ್ತಿಕೊಂಡಿದ್ದರು. ನಮ್ಮ ಮನೆಯಲ್ಲಿ ಒಂದೇ ನಿಯಮ ಮಾಡಿದ್ದೆವು. ಕಂಬಿಯ ಹತ್ತಿರ, ಕಿಟಕಿಯ ಹತ್ತಿರ ಯಾರೂ ಮಗುವನ್ನು ಎತ್ತಿಕೊಳ್ಳುವಂತಿಲ್ಲ. ಫೋಟೋಗೂ ಇಲ್ಲ. ಅವಳು ನೆಲದ ಮೇಲೆ ನಿಂತು ಗಾಜಿನಲ್ಲೇ ಸಮುದ್ರ ನೋಡಿದಳು.

ಹೊರಡುವ ಮೊದಲು ಸುರಕ್ಷತೆಯ ತಾಲೀಮು ಇರುತ್ತದೆ. 2012ರಲ್ಲಿ ಇಟಲಿಯ ತೀರದಲ್ಲಿ ಕೋಸ್ಟಾ ಕಾನ್ಕಾರ್ಡಿಯಾ ಮುಳುಗಿದ ಮೇಲೆ ಈ ನಿಯಮ ಬಿಗಿಯಾಗಿದೆ. ಮಗು ಅಳುತ್ತಿದೆ ಅಂತ ತಪ್ಪಿಸಿಕೊಳ್ಳಬೇಡಿ. ರೂಮಿನಲ್ಲಿ ಮಗುವಿನ ಅಳತೆಯ ಲೈಫ್ ಜಾಕೆಟ್ ಇದೆಯಾ ನೋಡಿ, ಇಲ್ಲದಿದ್ದರೆ ಆವತ್ತೇ ಕೇಳಿ ತರಿಸಿಕೊಳ್ಳಿ. ಇನ್ನೊಂದು ಚಿಕ್ಕ ವಿಷಯ, ಆದರೆ ಗಾಯ ಜಾಸ್ತಿ ಆಗುವುದು ಇದರಿಂದ ಅಂತ ನನ್ನ ಅನಿಸಿಕೆ. ರೂಮಿನ ಬಾಗಿಲು ಬಹಳ ಭಾರ, ತಾನಾಗಿ ಮುಚ್ಚಿಕೊಳ್ಳುತ್ತದೆ. ಬೆರಳು ಜೋಪಾನ. ಬಚ್ಚಲಿಗೆ ಹೊಸ್ತಿಲು ಎತ್ತರ, ಮೊದಲ ದಿನ ಎಲ್ಲರೂ ಎಡವುತ್ತಾರೆ.

## ಬಂದರು, ಹಿರಿಯರು, ವಾಪಸ್ಸು

ಪ್ರತಿ ಊರಲ್ಲೂ ಇಳಿದು ನೋಡ್ಬೇಕಾ?

ಬೇಡ. ಪೆನಾಂಗ್‌ನಲ್ಲಿ ಇಳಿಯಿರಿ. ಹಡಗು ಜಾರ್ಜ್‌ಟೌನ್ ಊರಿಗೇ ತಾಗಿದ ಸ್ವೆಟನ್‌ಹ್ಯಾಮ್ ಪಿಯರಿನಲ್ಲಿ ನಿಲ್ಲುತ್ತದೆ. ಬಸ್ಸು, ಕಾರು ಏನೂ ಬೇಡ. ಸ್ಟ್ರಾಲರ್ ತಳ್ಳಿಕೊಂಡು ಹದಿನೈದು ಇಪ್ಪತ್ತು ನಿಮಿಷ ನಡೆದರೆ ಲಿಟಲ್ ಇಂಡಿಯಾ. ಅಲ್ಲಿ 1833ರಲ್ಲಿ ಕಟ್ಟಿದ ಮಾರಿಯಮ್ಮನ ಗುಡಿ ಇದೆ. ನಮ್ಮತ್ತೆ ಕುಂಕುಮ ಇಟ್ಟುಕೊಂಡು, ಪಕ್ಕದ ಹೋಟೆಲಿನಲ್ಲಿ ದೋಸೆ ತಿಂದು, ಎರಡೂವರೆ ಗಂಟೆಯಲ್ಲಿ ಹಡಗಿಗೆ ವಾಪಸ್. ಮಗಳು ದಾರಿಯಲ್ಲೇ ನಿದ್ದೆ.

ಪೋರ್ಟ್ ಕ್ಲಾಂಗ್ ಬಂದರೆ ಹಡಗಿನಲ್ಲೇ ಇರಿ. ಅಲ್ಲಿಂದ ಕೌಲಾಲಂಪುರಕ್ಕೆ ರಸ್ತೆಯಲ್ಲಿ ಒಂದು ಗಂಟೆಗಿಂತ ಮೇಲೆ, ಟ್ರಾಫಿಕ್ ಇದ್ದರೆ ಇನ್ನೂ ಜಾಸ್ತಿ. ಅವಳಿ ಗೋಪುರದ ಮುಂದೆ ಒಂದು ಫೋಟೋಗಾಗಿ ಮಗುವಿನ ಇಡೀ ದಿನ ಕಾರಿನಲ್ಲಿ ಹೋಗುತ್ತದೆ. ಆವತ್ತು ಜನ ಇಳಿದುಹೋಗಿ ಹಡಗು ಖಾಲಿ ಇರುತ್ತದೆ. ಆಟದ ಕೋಣೆ ಪೂರ್ತಿ ನಿಮ್ಮದೇ.

ಫುಕೆಟ್‌ನಲ್ಲಿ ದೊಡ್ಡ ಹಡಗುಗಳು ಪಟಾಂಗ್ ಬೀಚಿನ ಎದುರು ಲಂಗರು ಹಾಕಿ, ಚಿಕ್ಕ ದೋಣಿಯಲ್ಲಿ ದಡಕ್ಕೆ ಬಿಡುತ್ತವೆ. ಲಕ್ಷದ್ವೀಪದಲ್ಲೂ ಹೀಗೇ. ದೋಣಿ ಏರಿಳಿಯುತ್ತಿರುವಾಗ ಹೆಜ್ಜೆ ಇಡಬೇಕು. ಮಗು ಸ್ಟ್ರಾಲರಿನಲ್ಲಿ ಅಲ್ಲ, ಎದೆಗೆ ಕಟ್ಟಿಕೊಳ್ಳುವ ಕ್ಯಾರಿಯರಿನಲ್ಲಿರಲಿ, ನಿಮ್ಮ ಎರಡೂ ಕೈ ಖಾಲಿ ಇರಲಿ. ಅಲೆ ಜೋರಿದ್ದರೆ ಸುಮ್ನೆ ಬಿಟ್ಟುಬಿಡಿ. ಇನ್ನೊಂದು, ಥಾಯ್ಲೆಂಡಿನ ಗಡಿಯಾರ ಸಿಂಗಪುರಕ್ಕಿಂತ ಒಂದು ಗಂಟೆ ಹಿಂದೆ. ದಡಕ್ಕೆ ಹೋದ ಕೂಡಲೇ ಫೋನು ಅಲ್ಲಿನ ಸಮಯ ತೋರಿಸುತ್ತದೆ. ಹಡಗು ತನ್ನ ಸಮಯಕ್ಕೇ ಹೊರಡುತ್ತದೆ. ಕೈಗಡಿಯಾರ ಕಟ್ಟಿಕೊಂಡು ಹಡಗಿನ ಸಮಯಕ್ಕೆ ಇಟ್ಟುಕೊಳ್ಳಿ.

ಅತ್ತೆ ಮಾವನ್ನ ಕರ್ಕೊಂಡು ಹೋದ್ರೆ ಅನುಕೂಲನಾ, ತೊಂದರೆನಾ?

ಅನುಕೂಲ, ಆದರೆ ಅವರನ್ನು ಆಯಾ ಕೆಲಸಕ್ಕೆ ಕರೆದುಕೊಂಡು ಹೋದ ಹಾಗೆ ಆಗಬಾರದು. ನಾವು ಮೊದಲ ರಾತ್ರಿಯೇ ಮಾತಾಡಿಕೊಂಡೆವು. ಸಂಜೆ ಐದರಿಂದ ಏಳು ಮೊಮ್ಮಗಳು ಅವರ ಜೊತೆ, ಉಳಿದ ಹೊತ್ತು ಅವರಿಗೆ ಇಷ್ಟ ಬಂದದ್ದು. ಮಾವ ಲೈಬ್ರರಿಯಲ್ಲಿ ಕೂತಿರುತ್ತಿದ್ದರು, ಅತ್ತೆ ಅಡುಗೆ ಮಾಡದ ನಾಲ್ಕು ದಿನವನ್ನು ಇವತ್ತಿಗೂ ನೆನೆಯುತ್ತಾರೆ.

ನಾಲ್ಕು ಜನ ಮತ್ತು ಮಗು ಒಂದೇ ರೂಮಿನಲ್ಲಿ ಬೇಡ. ನಡುವೆ ಬಾಗಿಲಿರುವ ಎರಡು ರೂಮು ಸಿಕ್ಕರೆ ಚೆನ್ನ, ಇಲ್ಲದಿದ್ದರೆ ಎದುರುಬದುರು ರೂಮು. ಒಳಗಿನ ರೂಮು ಒಂದು, ಬಾಲ್ಕನಿ ಒಂದು ತೆಗೆದುಕೊಂಡರೆ ಖರ್ಚೂ ಇಳಿಯುತ್ತದೆ. ಬಾಲ್ಕನಿಯದು ಯಾರಿಗೆ ಅನ್ನುವುದು ನಿಮ್ಮ ಮನೆಯ ರಾಜಕೀಯ. ಫೋನನ್ನು ಏರ್‌ಪ್ಲೇನ್ ಮೋಡಿಗೆ ಹಾಕಿಕೊಡಿ, ಸಮುದ್ರದ ರೋಮಿಂಗ್ ಬಿಲ್ಲು ಎದೆ ಒಡೆಯುವಂಥದ್ದು. ಭೇಟಿಯಾಗುವ ಜಾಗ, ಹೊತ್ತು ಬೆಳಗ್ಗೆಯೇ ಮಾತಾಡಿಕೊಳ್ಳಿ.

ಕೊನೇ ದಿನ ಬೆಳಗ್ಗೆ ಬೇಗ ಇಳಿಸ್ಬಿಡ್ತಾರಂತೆ, ಹೌದಾ?

ಹೌದು. ಎಂಟು ಗಂಟೆ ಹೊತ್ತಿಗೆ ರೂಮು ಖಾಲಿ ಮಾಡಿ ಅನ್ನುತ್ತಾರೆ. ನಿಮ್ಮ ಮಗುವಿಗೆ ಅದು ಐದೂವರೆ. ದೊಡ್ಡ ಸೂಟ್‌ಕೇಸನ್ನು ಹಿಂದಿನ ರಾತ್ರಿಯೇ ಬಾಗಿಲ ಹೊರಗೆ ಇಡಬೇಕು, ಅದನ್ನು ಕೆಳಗೆ ಟರ್ಮಿನಲ್‌ನಲ್ಲಿ ಕೊಡುತ್ತಾರೆ. ಬೆಳಗಿನ ಡೈಪರ್, ಮಗುವಿನ ಬಟ್ಟೆ, ಚಪ್ಪಲಿ ಅದರೊಳಗೆ ಸೇರದಂತೆ ನೋಡಿಕೊಳ್ಳಿ. ನಾನು ಚಪ್ಪಲಿ ಸೇರಿಸಿಬಿಟ್ಟಿದ್ದೆ. ರಾತ್ರಿಯೇ ಮಗುವಿಗೆ ಪ್ರಯಾಣದ ಬಟ್ಟೆ ಹಾಕಿ ಮಲಗಿಸಿದರೆ ಬೆಳಗ್ಗೆ ಹಾಗೇ ಎತ್ತಿಕೊಂಡು ಹೊರಡಬಹುದು.

ಟರ್ಮಿನಲ್‌ನಿಂದ ಏರ್‌ಪೋರ್ಟಿಗೆ ಟ್ಯಾಕ್ಸಿ ಹಿಡಿಯಿರಿ. ಸಿಂಗಪುರದಲ್ಲಿ ಚಿಕ್ಕ ಮಕ್ಕಳಿಗೆ ಕಾರಿನಲ್ಲಿ ಬೇರೆ ಸೀಟು ಕಡ್ಡಾಯ. ಮಾಮೂಲಿ ಟ್ಯಾಕ್ಸಿಗೆ ಅದರಿಂದ ವಿನಾಯಿತಿ ಇದೆ, ಆ್ಯಪಿನಲ್ಲಿ ಬರುವ ಖಾಸಗಿ ಕಾರಿಗೆ ಇಲ್ಲ. ಆ್ಯಪಿನಲ್ಲೇ ಕರೆಯುವುದಾದರೆ ಮಕ್ಕಳ ಸೀಟಿರುವ ಕಾರನ್ನೇ ಆರಿಸಿ, ಇಲ್ಲದಿದ್ದರೆ ಡ್ರೈವರ್ ಬಂದು, ಮಗುವನ್ನು ನೋಡಿ, ಹಾಗೇ ಹೊರಟುಹೋಗುತ್ತಾನೆ. ಮಧ್ಯಾಹ್ನ ಎರಡರ ಮೊದಲಿನ ವಿಮಾನ ಬುಕ್ ಮಾಡಬೇಡಿ.